ಸೋರುವುದು ಮಳೆನೀರು, ಬದಲಾಗುವುದು ಮಾಡ್ಯೂಲು!

ಅಕ್ಕಲಕೋಟ: ಮಿರಗದ ಮಳೆ ಎರಡು ಸಲ ಜೋರಾಗಿ ಬಿದ್ದರೆ ಸಾಕು, ಗಡಿಭಾಗದ ಗ್ಯಾರೇಜುಗಳ ಮುಂದೆ ಕಾರುಗಳ ಸಾಲು ಹತ್ತುತ್ತದೆ. ಇಂಜಿನ್ ಕೆಟ್ಟಿರುವುದಿಲ್ಲ, ಟಾಯರ್ ಪಂಕ್ಚರ್ ಆಗಿರುವುದಿಲ್ಲ. ಒಬ್ಬರ ಗಾಡಿಯ ವೈಪರ್ ಯಾರೂ ಮುಟ್ಟದೇ ತಾನೇ ಓಡಾಡುತ್ತದೆ. ಇನ್ನೊಬ್ಬರ ಗಾಡಿಯ ಬಾಗಿಲ ಲಾಕು ನಡುರಾತ್ರಿ ಟಪ್ ಟಪ್ ಎಂದು ಏರಿ ಇಳಿಯುತ್ತದೆ. ಮತ್ತೊಬ್ಬರದು ರಾತ್ರಿ ಚೆನ್ನಾಗಿಯೇ ಬಂದು ನಿಂತಿರುತ್ತದೆ, ಬೆಳಿಗ್ಗೆ ಚಾವಿ ತಿರುವಿದರೆ ಬ್ಯಾಟರಿ ಖಾಲಿ. ಮಧ್ಯಾಹ್ನ ಬಿಸಿಲು ಬಿದ್ದ ಮೇಲೆ ಏನೂ ಆಗಿಲ್ಲವೆಂಬಂತೆ ಎಲ್ಲವೂ ಸರಿ. "ಗಾಡಿಗೆ ಗಾಳಿ ಬಡದದ" ಎಂದು ನಿಂಬೆಹಣ್ಣು ಕಟ್ಟುವವರೂ ಇದ್ದಾರೆ. ಗಾಳಿಯಲ್ಲ, ಬಡಿದಿರುವುದು ನೀರು. ಆದರೆ ಆ ನೀರನ್ನು ಹುಡುಕುವವರು ಮಾತ್ರ ಕಡಿಮೆಯಾಗುತ್ತಿದ್ದಾರೆ ಎಂಬುದೇ ಚಿಂತೆಯ ಸಂಗತಿ.

ಅಕ್ಕಲಕೋಟದ ಒಬ್ಬ ಟ್ಯಾಕ್ಸಿ ಚಾಲಕನ ಕಥೆ ಇದಕ್ಕೆ ಒಳ್ಳೆಯ ಉದಾಹರಣೆ. ಸ್ವಾಮಿ ಸಮರ್ಥರ ದರ್ಶನಕ್ಕೆ ಬರುವ ಭಕ್ತರನ್ನು ಗಾಣಗಾಪುರ, ತುಳಜಾಪುರ, ಪಂಢರಪುರಕ್ಕೆ ಸುತ್ತಿಸಿ ತರುವುದು ಆತನ ಕಸುಬು. ಸಾಲದ ಗಾಡಿ. ತಿಂಗಳ ಕಂತು ತಪ್ಪುವಂತಿಲ್ಲ. ಮಳೆ ಬಿದ್ದ ವಾರದಲ್ಲೇ ಗಾಣಗಾಪುರದಲ್ಲಿ ಗಾಡಿ ಕೈಕೊಟ್ಟಿತು. ಡ್ಯಾಶ್‌ಬೋರ್ಡಿನ ಮೇಲೆ ದೀಪಾವಳಿಯ ಹಾಗೆ ಎಲ್ಲ ದೀಪಗಳೂ ಹತ್ತಿಕೊಂಡವು, ಸ್ಟಾರ್ಟ್ ಆಗಲಿಲ್ಲ. ಭಕ್ತರು ಬೇರೆ ಗಾಡಿ ಹಿಡಿದು ಹೋದರು, ಬಾಡಿಗೆ ಹೋಯಿತು. ಗಾಡಿಯನ್ನು ಎಳೆಸಿಕೊಂಡು ದೊಡ್ಡ ವರ್ಕ್‌ಶಾಪಿಗೆ ಒಯ್ದರೆ ಸ್ಕ್ಯಾನರ್ ಹಚ್ಚಿ ನೋಡಿದ ಹುಡುಗ ಹತ್ತು ನಿಮಿಷದಲ್ಲಿ ತೀರ್ಪು ಕೊಟ್ಟ: "ಬಿಸಿಎಂ ಹೋಗ್ಯಾದ್ರಿ ಅಣ್ಣಾ, ಹೊಸಾದು ಹಾಕಬೇಕು." ಮಾಡ್ಯೂಲು, ಕೋಡಿಂಗು, ಮಜೂರಿ ಎಲ್ಲ ಸೇರಿ ಬಿಲ್ಲು ಮೂವತ್ತು ಸಾವಿರ ದಾಟಿತು. ಹೆಂಡತಿಯ ಬಂಗಾರ ಅಡವಿಟ್ಟು ರೊಕ್ಕ ಕಟ್ಟಿದ್ದಾಯಿತು.

ಉತ್ತರಿ ಮಳೆ ಬಂತು. ಮತ್ತದೇ ರೋಗ, ಅದೇ ದೀಪ, ಅದೇ ಖಾಲಿ ಬ್ಯಾಟರಿ. ಈ ಸಲ ದೊಡ್ಡ ವರ್ಕ್‌ಶಾಪಿಗೆ ಹೋಗುವ ತ್ರಾಣ ಉಳಿದಿರಲಿಲ್ಲ. ಊರಿನಲ್ಲೇ ಹಳೆಯ ಕಾಲದಿಂದ ಡೈನಮೋ, ಸೆಲ್ಫ್ ಕಟ್ಟುತ್ತಾ ಬಂದ ಮುದುಕ ವಾಯರಿಂಗ್ ಮಿಸ್ತ್ರಿಯ ಹತ್ತಿರ ಗಾಡಿ ಬಂತು. ಆತ ಸ್ಕ್ಯಾನರ್ ಹಚ್ಚಲಿಲ್ಲ, ಆತನ ಹತ್ತಿರ ಇರಲೂ ಇಲ್ಲ. ಮುಂದಿನ ಸೀಟಿನ ಕಾಲ್ದೆಸೆಯ ಮ್ಯಾಟು ಎತ್ತಿ, ಕೆಳಗಿನ ಹಾಸಿನ ಮೇಲೆ ಅಂಗೈ ಊರಿ ಒತ್ತಿದ. ಬೆರಳ ಸಂದಿಯಿಂದ ನೀರು ಬಂತು.

"ತಮ್ಮಾ, ಗಾಡಿ ಎಲ್ಲಿ ನಿಂದ್ರಸ್ತಿ?"

"ಮನಿ ಮುಂದ, ಹುಣಸಿ ಗಿಡದ ಕೆಳಗ ಕಾಕಾ. ಬಿಸಲಿಗೆ ನೆಳ್ಳು ಬೇಕಲ್ಲ."

"ಅಲ್ಲೇ ಅದ ನೋಡು ನಿನ್ನ ಬಿಸಿಎಂ."

ವೈಪರ್ ಕೆಳಗಿನ ಪ್ಲಾಸ್ಟಿಕ್ ಜಾಲರಿ ಬಿಚ್ಚಿದಾಗ ಒಳಗೆ ಹುಣಸೆ ಎಲೆ ಕೊಳೆತು ಗೊಬ್ಬರವಾಗಿತ್ತು. ನೀರು ಹೋಗುವ ತೂತು ಪೂರಾ ಬಂದ್. ಮಳೆನೀರು ತೊಟ್ಟಿಯಲ್ಲಿ ನಿಂತಂತೆ ನಿಂತು, ಮೇಲೇರಿ, ಎಸಿ ಗಾಳಿ ಸೇರುವ ಬಾಯಿಯಿಂದ ಒಳಗೆ ಇಳಿದಿತ್ತು. ಮೂರು ತಿಂಗಳ ಹಿಂದಷ್ಟೇ ಹಾಕಿದ್ದ ಹೊಸ ಮಾಡ್ಯೂಲಿನ ಕನೆಕ್ಟರ್ ಪಿನ್ನುಗಳ ಮೇಲೆ ಆಗಲೇ ಹಸಿರು ಕಿಲುಬು ಹತ್ತಿತ್ತು. ತೂತು ಬಿಡಿಸಿ, ಹಾಸು ಬಿಚ್ಚಿ ಬಿಸಿಲಿಗೆ ಹಾಕಿ, ಪಿನ್ನು ಒರೆಸಿ, ಅರ್ಥಿಂಗ್ ಬೋಲ್ಟು ಉಜ್ಜಿ ಬಿಗಿದದ್ದಕ್ಕೆ ಎರಡು ದಿನ ಹಿಡಿಯಿತು. ಮಿಸ್ತ್ರಿ ತೆಗೆದುಕೊಂಡದ್ದು ಆರುನೂರು ರೂಪಾಯಿ. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಹಾಕಿದರು ಎಂಬ ಗಾದೆ ನಮ್ಮವರಿಗೆ ಹೊಸದಲ್ಲ. ಬರೆಯ ಬೆಲೆ ಮೂವತ್ತು ಸಾವಿರ ಆಗಿರುವುದಷ್ಟೇ ಹೊಸದು.

ಕಾರು ಈಗ ಬರೀ ಇಂಜಿನ್ ಅಲ್ಲ

ಹಿಂದಿನ ಕಾರ್ಬುರೇಟರ್ ಕಾರಿನಲ್ಲಿ ನೀರು ಬಂದರೆ ಡಿಸ್ಟ್ರಿಬ್ಯೂಟರ್ ಟೋಪಿ ಒರೆಸಿದರೆ ಗಾಡಿ ಹೊರಡುತ್ತಿತ್ತು. ಕಾಲ ಬದಲಾಗಿದೆ. 2019ರ ಜುಲೈ 1ರಿಂದ ದೇಶದಲ್ಲಿ ತಯಾರಾಗುವ ಹೊಸ ಕಾರುಗಳಿಗೆ ಚಾಲಕನ ಏರ್‌ಬ್ಯಾಗ್, ಸೀಟ್‌ಬೆಲ್ಟ್ ನೆನಪಿಸುವ ಗಂಟೆ, ವೇಗದ ಎಚ್ಚರಿಕೆ, ಹಿಂದೆ ತೆಗೆಯುವಾಗಿನ ಸೆನ್ಸಾರ್ ಕಡ್ಡಾಯವಾದವು. 2020ರ ಏಪ್ರಿಲ್ 1ರಿಂದ ಬಿಎಸ್-6 ಬಂತು. ಇವೆಲ್ಲ ಒಳ್ಳೆಯದಕ್ಕೇ ಆದದ್ದು, ಜೀವ ಉಳಿಸುವಂಥವು. ಆದರೆ ಒಂದೊಂದು ಸೌಲಭ್ಯಕ್ಕೂ ವಾಯರು, ಸೆನ್ಸಾರು, ಅದನ್ನು ಆಳುವ ಒಂದು ಸಣ್ಣ ಗಣಕದ ಪೆಟ್ಟಿಗೆ ಬೇಕು. ಅದಕ್ಕೇ ಮಾಡ್ಯೂಲ್ ಎನ್ನುವುದು. ಇಂಜಿನ್ನಿಗೆ ಒಂದು, ಬ್ರೇಕಿಗೆ ಒಂದು, ಏರ್‌ಬ್ಯಾಗಿಗೆ ಒಂದು. ದೀಪ, ಲಾಕು, ವೈಪರ್, ಹಾರ್ನುಗಳ ಯಜಮಾನಿಕೆ ಬಿಸಿಎಂ ಎಂಬ ಬಾಡಿ ಕಂಟ್ರೋಲ್ ಮಾಡ್ಯೂಲಿನದು.

ತೊಂದರೆ ಇರುವುದು ಇವು ಕುಳಿತ ಜಾಗದಲ್ಲಿ. ಬಹಳಷ್ಟು ಗಾಡಿಗಳಲ್ಲಿ ಬಿಸಿಎಂ ಡ್ಯಾಶ್‌ಬೋರ್ಡಿನ ಕೆಳಗೆ, ಫ್ಯೂಜ್ ಬಾಕ್ಸಿನ ಆಸುಪಾಸಿನಲ್ಲಿರುತ್ತದೆ. ಏರ್‌ಬ್ಯಾಗಿನ ಮಾಡ್ಯೂಲ್ ಎರಡು ಸೀಟುಗಳ ನಡುವೆ ನೆಲಕ್ಕೆ ಅಂಟಿಕೊಂಡಿರುತ್ತದೆ. ವಾಯರಿನ ಕಟ್ಟುಗಳು ಬಾಗಿಲ ಹೊಸ್ತಿಲ ಗುಂಟ ಹಾಸಿನ ಕೆಳಗೇ ಹೋಗುತ್ತವೆ. ಮನೆಯಲ್ಲಿ ಮೇಲಿನಿಂದ ಸೋರಿದ ನೀರು ತಗ್ಗಿನ ಕೋಣೆಯಲ್ಲಿ ನಿಲ್ಲುವಂತೆ ಕಾರಿನಲ್ಲೂ ನೀರು ನಿಲ್ಲುವ ಜಾಗ ಇದೇ.

ಹಸಿ ಪಿನ್ನಿನಲ್ಲಿ ಕರೆಂಟು ಹರಿದಾಗ ತಾಮ್ರ ಕರಗಿ ಹಸಿರು ಕಿಲುಬಾಗುತ್ತದೆ. ಗಾಡಿ ಬಂದಾಗಿದ್ದರೂ ಬ್ಯಾಟರಿ ಕರೆಂಟು ಸದಾ ಇರುವ ಪಿನ್ನುಗಳೇ ಮೊದಲು ಹೋಗುತ್ತವೆ. ಎರಡು ಪಿನ್ನುಗಳ ನಡುವಿನ ತೇವ ಸುಳ್ಳು ಸ್ವಿಚ್ಚಿನಂತೆ ಕೆಲಸ ಮಾಡುತ್ತದೆ. ಮಾಡ್ಯೂಲಿಗೆ ಯಾರೋ ಬಟನ್ ಒತ್ತಿದರು ಎಂದೇ ಅನಿಸುತ್ತದೆ, ವೈಪರ್ ಓಡುತ್ತದೆ, ಲಾಕು ಬಡಿಯುತ್ತದೆ. ಈ ಕಾಟದಲ್ಲಿ ಮಾಡ್ಯೂಲ್ ಮಲಗುವುದೇ ಇಲ್ಲ, ರಾತ್ರಿಯೆಲ್ಲ ಎಚ್ಚರವಿದ್ದು ಬ್ಯಾಟರಿ ತಿನ್ನುತ್ತದೆ. ಅದೂ ಸಾಲದೆಂಬಂತೆ ದೀಪದ ಬತ್ತಿ ಎಣ್ಣೆ ಹೀರಿದ ಹಾಗೆ ವಾಯರಿನ ಒಳಗಿನ ಎಳೆಗಳು ನೀರನ್ನು ಹೀರಿಕೊಂಡು ದೂರದ ಕನೆಕ್ಟರಿನವರೆಗೂ ಒಯ್ಯುತ್ತವೆ. ಬೆಳಿಗ್ಗೆ ಕೆಡುವುದು, ಮಧ್ಯಾಹ್ನ ಸರಿಯಾಗುವುದು ಯಾಕೆಂಬುದಕ್ಕೂ ಉತ್ತರ ಇಲ್ಲೇ ಇದೆ. ಹಗಲು ಹಾಸಿನಿಂದ ಆವಿಯಾದ ನೀರು ರಾತ್ರಿ ತಂಪಿಗೆ ಮಾಡ್ಯೂಲಿನ ಮೇಲೇ ಹನಿಗಟ್ಟುತ್ತದೆ.

ಸ್ಕ್ಯಾನರ್ ಹೇಳುವುದು ಅರ್ಧ ಮಾತು

ಸ್ಕ್ಯಾನರನ್ನು ಬೈದು ಪ್ರಯೋಜನವಿಲ್ಲ. ಅದು ಬೇಕೇ ಬೇಕು. ಆದರೆ ಅದು ಹೇಳಿದ್ದನ್ನು ಸರಿಯಾಗಿ ಓದಬೇಕು. ಮಾಡ್ಯೂಲುಗಳು ಒಂದಕ್ಕೊಂದು ಹೆಣೆದ ಎರಡು ವಾಯರುಗಳ ಮೇಲೆ ಪರಸ್ಪರ ಮಾತಾಡುತ್ತವೆ. ಕ್ಯಾನ್ ಲೈನ್ ಎನ್ನುವುದು ಇದಕ್ಕೇ. 'ಯು' ಅಕ್ಷರದಿಂದ ಸುರುವಾಗುವ ಕೋಡುಗಳೆಲ್ಲ ಈ ಮಾತುಕತೆ ತಪ್ಪಿದ್ದಕ್ಕೆ ಸಂಬಂಧಿಸಿದವು. ಯು0140 ಎಂದು ಬಂದರೆ ಅದರ ಅರ್ಥ 'ಬಿಸಿಎಂ ಜೊತೆ ಸಂಪರ್ಕ ಕಡಿದಿದೆ' ಎಂದಷ್ಟೇ. ಬಿಸಿಎಂ ಸತ್ತಿದೆ ಎಂದಲ್ಲ. ಪಕ್ಕದ ಮನೆಯವರು ಫೋನ್ ಎತ್ತಲಿಲ್ಲವೆಂದರೆ ಅವರು ತೀರಿಹೋದರು ಎಂದು ಯಾರಾದರೂ ತಿಳಿಯುತ್ತಾರೆಯೇ? ಕರೆಂಟು ಹೋಗಿರಬಹುದು, ಲೈನ್ ಕಡಿದಿರಬಹುದು. ಇಲ್ಲಿಯೂ ಹಾಗೆಯೇ. ಫ್ಯೂಜ್, ಅರ್ಥಿಂಗ್, ಕನೆಕ್ಟರ್, ವಾಯರ್ ನೋಡಿದ ಮೇಲೆ ಕಟ್ಟಕಡೆಗೆ ಮಾಡ್ಯೂಲಿನ ಪಾಳಿ.

ಸರಿಯಾದ ಕ್ರಮ ಕಷ್ಟದ್ದೇನಲ್ಲ. ಮೊದಲು ಬ್ಯಾಟರಿ ನೋಡಬೇಕು. ಗಾಡಿ ನಿಂತಾಗ ಸುಮಾರು 12.6 ವೋಲ್ಟ್, ಚಾಲೂ ಇದ್ದಾಗ ಸಾಮಾನ್ಯವಾಗಿ 13.8ರಿಂದ 14.5 ವೋಲ್ಟ್ ಇದ್ದರೆ ಬ್ಯಾಟರಿ, ಅಲ್ಟರ್ನೇಟರ್ ಎರಡನ್ನೂ ಸದ್ಯಕ್ಕೆ ಬದಿಗಿಡಬಹುದು. ಆಮೇಲೆ ಹಾಸು ಎತ್ತಿ ನೋಡಬೇಕು. ಮೇಲಿನ ಬಟ್ಟೆ ಒಣಗಿದ್ದರೂ ಕೆಳಗಿನ ಸ್ಪಂಜು ವಾರಗಟ್ಟಲೆ ನೀರು ಹಿಡಿದಿರುತ್ತದೆ. ನೀರು ಸಿಕ್ಕರೆ ಅದು ಯಾವ ನೀರು ಎಂದು ಗುರುತಿಸಬೇಕು. ಮಳೆ ಇಲ್ಲದ ದಿನವೂ ಎಸಿ ಹಾಕಿದಾಗ ಬರುವ ಸ್ವಚ್ಛ ನೀರು ಎಸಿ ಪೈಪು ಕಟ್ಟಿದ್ದರ ಗುರುತು. ಅಂಟಂಟಾಗಿ, ಬಣ್ಣವಿದ್ದು, ಸಿಹಿ ವಾಸನೆ ಬಂದರೆ ರೇಡಿಯೇಟರಿನ ಕೂಲಂಟ್. ಮಳೆ ಬಂದಾಗ ಇಲ್ಲವೇ ಗಾಡಿ ತೊಳೆದಾಗ ಮಾತ್ರ ಬಂದರೆ ಹೊರಗಿನ ಸೋರಿಕೆ.

ಹೊರಗಿನ ಸೋರಿಕೆಯ ದಾರಿಗಳು ಎಣಿಸಿದಷ್ಟೇ ಇವೆ. ವೈಪರ್ ಕೆಳಗಿನ ತೊಟ್ಟಿ, ಕಾಚು ಬದಲಿಸಿದಾಗ ಸರಿಯಾಗಿ ಅಂಟಿಸದ ಅಂಚು, ಬಾಗಿಲ ಒಳಗಿನ ಹರಿದ ಪ್ಲಾಸ್ಟಿಕ್ ಹಾಳೆ, ಸನ್‌ರೂಫಿನ ಮೂಲೆಯ ಪೈಪುಗಳು, ಚಾವಣಿಯ ಆಂಟೆನಾ ಬುಡ, ಹಿಂದಿನ ದೀಪದ ರಬ್ಬರು. ನಮ್ಮ ಸೀಮೆಯ ಬೇಸಿಗೆಗೆ ರಬ್ಬರು ಬೇಗ ಬಿರಿಯುತ್ತದೆ. ನೆರಳಿಗೆಂದು ಬೇವು, ಹುಣಸೆ ಗಿಡದ ಕೆಳಗೆ ನಿಲ್ಲಿಸುವುದು ರೂಢಿ. ಸಣ್ಣ ಎಲೆ ಜಾಲರಿಯ ಒಳಗೆ ಸಲೀಸಾಗಿ ಇಳಿಯುತ್ತದೆ. ಸುಗ್ಗಿಯಲ್ಲಿ ಇಲಿ ಗೂಡು ಕಟ್ಟಿದರಂತೂ ತೂತೂ ಬಂದ್, ವಾಯರೂ ಕಟ್.

ಪತ್ತೆಗೆ ದೊಡ್ಡ ಯಂತ್ರ ಬೇಡ. ಒಬ್ಬರು ಟಾರ್ಚು ಹಿಡಿದು ಒಳಗೆ ಕೂಡಬೇಕು, ಇನ್ನೊಬ್ಬರು ಹೊರಗಿನಿಂದ ಸಣ್ಣಗೆ ನೀರು ಬಿಡಬೇಕು. ಕೆಳಗಿನಿಂದ ಸುರುಮಾಡಿ ಒಂದೊಂದೇ ಜಾಗಕ್ಕೆ ಕೆಲವು ನಿಮಿಷ ಬಿಡುತ್ತಾ ಮೇಲಕ್ಕೆ ಹೋಗಬೇಕು. ಮೇಲಿನಿಂದ ಸುರುವಿದರೆ ಎಲ್ಲ ಕಡೆಯೂ ನೀರಾಗಿ ದಾರಿ ತಿಳಿಯುವುದಿಲ್ಲ. ಸೋರಿಕೆ ನಿಲ್ಲಿಸಿ, ಹಾಸು ಪೂರ್ತಿ ಒಣಗಿಸಿ, ಬ್ಯಾಟರಿ ತಂತಿ ಬಿಚ್ಚಿ, ಕನೆಕ್ಟರ್‌ಗಳನ್ನು ಎಲೆಕ್ಟ್ರಾನಿಕ್ಸ್‌ಗೆಂದೇ ಇರುವ ಕ್ಲೀನರಿನಿಂದ ತೊಳೆಯಬೇಕು. ಪೆಟ್ರೋಲ್ ಸುರಿದು ತೊಳೆಯುವ ಚಟ ಅಪಾಯದ್ದು. ಹಳದಿ ಕನೆಕ್ಟರ್ ಏರ್‌ಬ್ಯಾಗಿನದು, ಅದಕ್ಕೆ ಮೀಟರ್ ಹಚ್ಚುವುದು, ಅದರ ವಾಯರು ಸುಲಿಯುವುದು ಜೀವಕ್ಕೆ ಸಂಚಕಾರ. ಅದನ್ನು ಬಲ್ಲವರಿಗೇ ಬಿಡಬೇಕು.

ಇಷ್ಟಾದ ಮೇಲೂ ಬ್ಯಾಟರಿ ಇಳಿಯುತ್ತಿದ್ದರೆ ಗಾಡಿ ಬಂದ್ ಮಾಡಿ, ಲಾಕ್ ಹಾಕಿ, ಅರ್ಧ ತಾಸು ಬಿಟ್ಟು ಎಷ್ಟು ಕರೆಂಟು ತಿನ್ನುತ್ತಿದೆ ಎಂದು ಅಳೆಯಬೇಕು. ಮಾಡ್ಯೂಲುಗಳು ಮಲಗಿದ ಮೇಲೆ ಸಾಮಾನ್ಯ ಗಾಡಿ ತಿನ್ನುವುದು 50 ಮಿಲಿ ಆಂಪಿಯರ್ ಒಳಗೆ. ಅದಕ್ಕಿಂತ ಬಹಳ ಹೆಚ್ಚಿದ್ದರೆ ಯಾವ ಫ್ಯೂಜಿನ ಗುಂಟ ಹೋಗುತ್ತಿದೆ ಎಂದು ಹುಡುಕಬೇಕು. ಮಾತುಕತೆಯ ಲೈನ್ ಮೇಲೆ ಸಂಶಯವಿದ್ದರೆ ಬ್ಯಾಟರಿ ಬಿಚ್ಚಿ ಸ್ಕ್ಯಾನರ್ ಸಾಕೆಟ್ಟಿನ 6 ಮತ್ತು 14ನೇ ಪಿನ್ನುಗಳ ನಡುವೆ ಅಳೆದರೆ ಹಲವು ಗಾಡಿಗಳಲ್ಲಿ ಸುಮಾರು 60 ಓಮ್ ತೋರಿಸಬೇಕು. 120 ತೋರಿಸಿದರೆ ಲೈನಿನ ಒಂದು ತುದಿ ಎಲ್ಲೋ ಕಡಿದಿದೆ ಎಂದರ್ಥ. ಇದಕ್ಕೆ ಬೇಕಾದದ್ದು ಒಂದು ಸಾದಾ ಮೀಟರು, ಒಂದಿಷ್ಟು ತಾಳ್ಮೆ.

ಮಿಸ್ತ್ರಿಯದೂ ಒಂದು ಮಾತಿದೆ

ಹಾಗಾದರೆ ಗ್ಯಾರೇಜಿನವರೆಲ್ಲ ಮೋಸಗಾರರೇ? ಹಾಗೆಂದರೆ ಅನ್ಯಾಯವಾದೀತು. ಅವರ ಮಾತನ್ನೂ ಕೇಳಬೇಕು. "ಮೂರ ತಾಸು ಕುಂತು ಗಳತಿ ಹುಡುಕಿ ಮುನ್ನೂರ ರೂಪಾಯಿ ಕೇಳಿದ್ರ, ಬರೇ ಎಲಿ ತಗದಿದ್ದಕ್ಕ ಮುನ್ನೂರ ಯಾಕ್ರೀ ಅಂತಾರ. ಅದೇ ಹೊಸಾ ಸಾಮಾನಿನ ಡಬ್ಬಿ ತೋರಿಸಿದ್ರ ಸುಮ್ಮನ ಸಾವಿರಗಟ್ಲೆ ಕೊಡ್ತಾರ" ಎಂಬುದು ಅನೇಕ ಮಿಸ್ತ್ರಿಗಳ ದೂರು. ಈ ದೂರಿನಲ್ಲಿ ಸುಳ್ಳಿಲ್ಲ. ಕಣ್ಣಿಗೆ ಕಾಣುವ ಸಾಮಾನಿಗೆ ರೊಕ್ಕ ಕೊಡುವ ನಮ್ಮ ಜನ ತಲೆ ಖರ್ಚು ಮಾಡಿದ್ದಕ್ಕೆ ಕೊಡಲು ಹಿಂಜರಿಯುತ್ತಾರೆ. ಡಾಕ್ಟರ್ ತಪಾಸಣೆಗೆ ಫೀ ಕೊಡುವವರು ಗಾಡಿಯ ತಪಾಸಣೆಗೆ ಯಾಕೆ ಕೊಡಬಾರದು?

ಲೆಕ್ಕ ಹಾಕಿ ನೋಡಿದರೆ ಸಂಗತಿ ಸರಳವಿದೆ. ಸೋರಿಕೆ ಹುಡುಕಲು ಸಾವಿರ ರೂಪಾಯಿ ಕೊಟ್ಟರೂ ಮೂವತ್ತು ಸಾವಿರದ ಮಾಡ್ಯೂಲಿನ ಮುಂದೆ ಅದು ಲಾಭವೇ. ಸೋರಿಕೆ ಹಾಗೇ ಬಿಟ್ಟು ಹಾಕಿದ ಹೊಸ ಮಾಡ್ಯೂಲು ಮುಂದಿನ ಮಳೆಗಾಲದ ಹೊತ್ತಿಗೆ ಮತ್ತೆ ಖರ್ಚಿನ ಕಾಲಮಿಗೆ ಬರುತ್ತದೆ. ಆದ್ದರಿಂದ ಗ್ಯಾರೇಜುಗಳು ತಪಾಸಣೆಯ ದರವನ್ನು ಬೇರೆಯಾಗಿಯೇ ಬರೆದು ಹಚ್ಚಬೇಕು, ಗಿರಾಕಿಗಳು ತಕರಾರಿಲ್ಲದೆ ಕೊಡಬೇಕು. ಇದಕ್ಕೆ ಪ್ರತಿಯಾಗಿ ಗಿರಾಕಿಯೂ ಮೂರು ಮಾತು ಕೇಳಬೇಕು: ನೀರು ಎಲ್ಲಿಂದ ಬಂತು ಎಂದು ಜಾಬ್ ಕಾರ್ಡಿನಲ್ಲಿ ಬರೆಯಿರಿ, ತೆಗೆದ ಹಳೆಯ ಮಾಡ್ಯೂಲ್ ವಾಪಸ್ ಕೊಡಿ, ಪಕ್ಕಾ ಬಿಲ್ಲು ಕೊಡಿ. ಈ ಮೂರಕ್ಕೆ ಹಿಂದೇಟು ಹಾಕುವಲ್ಲಿ ಗಾಡಿ ಬಿಡದಿರುವುದೇ ಲೇಸು.

ಬಿಲ್ಲು ಕೊಡದಿರುವುದು 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯಂತೆ ಅನುಚಿತ ವ್ಯಾಪಾರ ಪದ್ಧತಿ. 2020ರ ಜುಲೈನಿಂದ ಜಾರಿಗೆ ಬಂದ ಈ ಕಾಯ್ದೆ ಗಡಿಯವರಿಗೆ ಇನ್ನೊಂದು ಅನುಕೂಲ ಮಾಡಿಕೊಟ್ಟಿದೆ. ಗಾಡಿ ಕಲಬುರಗಿಯಲ್ಲೋ ವಿಜಯಪುರದಲ್ಲೋ ಖರೀದಿಸಿದ್ದರೂ, ರಿಪೇರಿ ಮಾಡಿಸಿದ್ದರೂ, ತಾವು ವಾಸವಿರುವ ಜಿಲ್ಲೆಯ ಗ್ರಾಹಕ ಆಯೋಗದಲ್ಲೇ ದೂರು ಕೊಡಬಹುದು. ಅಕ್ಕಲಕೋಟದವರಿಗೆ ಸೊಲ್ಲಾಪುರ, ಜತ್ತದವರಿಗೆ ಸಾಂಗಲಿ. ಕೊಟ್ಟ ಹಣ ಐದು ಲಕ್ಷದವರೆಗಿದ್ದರೆ ದೂರಿಗೆ ಶುಲ್ಕವಿಲ್ಲ. ಎರಡು ವರ್ಷದ ಒಳಗೆ ಕೊಡಬೇಕು ಎಂಬುದು ನೆನಪಿರಲಿ. ಅದಕ್ಕೂ ಮೊದಲು 1915 ನಂಬರಿನ ರಾಷ್ಟ್ರೀಯ ಗ್ರಾಹಕ ಸಹಾಯವಾಣಿಗೆ ಫೋನ್ ಮಾಡಿ ನೋಡಬಹುದು.

ಹೊಳೆ ದಾಟಿ ಬರುವ ಅಗ್ಗದ ಗಾಡಿ

ಇನ್ನೊಂದು ಅಪಾಯ ಸದ್ದಿಲ್ಲದೆ ಬರುತ್ತದೆ. 2020ರ ಅಕ್ಟೋಬರಿನಲ್ಲಿ ಭೀಮೆ ಉಕ್ಕಿದಾಗ, 2022ರ ಸೆಪ್ಟೆಂಬರಿನಲ್ಲಿ ಬೆಂಗಳೂರಿನ ಬಡಾವಣೆಗಳು ಮುಳುಗಿದಾಗ, 2025ರ ಸೆಪ್ಟೆಂಬರಿನಲ್ಲಿ ಸೀನಾ ನದಿ ಸೊಲ್ಲಾಪುರ ಜಿಲ್ಲೆಯ ಊರುಗಳಿಗೆ ನುಗ್ಗಿದಾಗ ನೀರಲ್ಲಿ ನಿಂತ ಗಾಡಿಗಳು ಎಷ್ಟೋ. ಅಂಥ ಗಾಡಿಗಳು ಒಣಗಿ, ಪಾಲಿಶ್ ಆಗಿ, ಊರು ಬದಲಿಸಿ, ಅಗ್ಗದ ಸೆಕೆಂಡ್ ಹ್ಯಾಂಡ್ ಆಗಿ ಬರಬಹುದು. ಕೆಎ ಪಾಟಿ ಹೋಗಿ ಎಂಎಚ್-13 ಪಾಟಿ ಬಂದ ಮೇಲೆ ಹಳೆಯ ಊರಿನ ಹಳೆಯ ಕಥೆ ಯಾರಿಗೆ ಗೊತ್ತು?

ಕೊಳ್ಳುವ ಮುನ್ನ ಸೀಟ್‌ಬೆಲ್ಟನ್ನು ಕೊನೆಯವರೆಗೂ ಎಳೆದು ನೋಡಿ, ಕೆಸರಿನ ಗೆರೆ ಇದೆಯೇ ಎಂದು. ಸ್ಟೆಪ್ನಿ ಎತ್ತಿ ಕೆಳಗೆ ನೋಡಿ. ಸೀಟಿನ ಬೋಲ್ಟುಗಳಿಗೆ ತುಕ್ಕು ಹತ್ತಿದೆಯೇ ನೋಡಿ. ಒಳಗೆ ಅತ್ತರಿನ ವಾಸನೆ ಅತಿಯಾಗಿದ್ದರೆ ಅದು ಏನನ್ನೋ ಮುಚ್ಚುತ್ತಿದೆ ಎಂದು ತಿಳಿಯಿರಿ. ಚಾವಿ ತಿರುವಿದಾಗ ಏರ್‌ಬ್ಯಾಗಿನ ದೀಪ ಹತ್ತಿ ಆರಬೇಕು. ಹತ್ತಲೇ ಇಲ್ಲವೆಂದರೆ ಯಾರೋ ದೀಪವನ್ನೇ ಬಂದ್ ಮಾಡಿರಬಹುದು. ಹಳೆಯ ವಿಮೆ ಪಾಲಿಸಿ ಕೇಳಿ ತೆಗೆದುಕೊಳ್ಳಿ. ನೋ ಕ್ಲೇಮ್ ಬೋನಸ್ ಸೊನ್ನೆಗೆ ಇಳಿದಿದ್ದರೆ ಯಾವ ಕ್ಲೇಮ್ ಆಗಿತ್ತು ಎಂದು ಮುಲಾಜಿಲ್ಲದೆ ಕೇಳಿ.

ಸ್ವಂತ ಗಾಡಿಯೇ ಹೊಳೆ ನೀರಿಗೆ ಸಿಕ್ಕರೆ ಚಾವಿ ತಿರುವಬೇಡಿ. ಬ್ಯಾಟರಿಯ ಮೈನಸ್ ತಂತಿ ಬಿಚ್ಚಿ, ಫೋಟೋ ತೆಗೆದು, ವಿಮೆಯವರಿಗೆ ತಿಳಿಸಿ, ಎಳೆಸಿಕೊಂಡು ಹೋಗಿ. ಪೂರ್ಣ ವಿಮೆಯಲ್ಲಿ ಪ್ರವಾಹದ ಹಾನಿಗೆ ಪರಿಹಾರ ಉಂಟು. ಆದರೆ ತಾನೇ ತಾನಾಗಿ ಕೆಟ್ಟ ಇಲೆಕ್ಟ್ರಿಕಲ್ ದೋಷಕ್ಕೆ ಇಲ್ಲ. ತಿಂಗಳುಗಟ್ಟಲೆ ಸೋರಿದ ನೀರಿನಿಂದ ಮಾಡ್ಯೂಲ್ ಹೋಯಿತೆಂದರೆ ಹಣ ಸಿಗುವುದು ಕಷ್ಟ. ಅದಕ್ಕೇ ಸೋರಿಕೆಯನ್ನು ಸಣ್ಣದಿರುವಾಗಲೇ ಹಿಡಿಯಬೇಕು.

ಆ ಮುದುಕ ಮಿಸ್ತ್ರಿಯ ನಂತರ?

ಅಕ್ಕಲಕೋಟ, ದಕ್ಷಿಣ ಸೊಲ್ಲಾಪುರ, ಜತ್ತ ಭಾಗದ ಕನ್ನಡ ಶಾಲೆಗಳಲ್ಲಿ ಕಲಿತ ಎಷ್ಟೋ ಹುಡುಗರು ಗ್ಯಾರೇಜು ಸೇರುತ್ತಾರೆ. ಐಟಿಐಗೆ ಹೋದರೆ ಅಲ್ಲಿ ಪಾಠ ಮರಾಠಿಯಲ್ಲಿ, ಪುಸ್ತಕದ ಪಾರಿಭಾಷಿಕ ಪದಗಳು ಇಂಗ್ಲಿಷಿನಲ್ಲಿ. ಹುಡುಗರು ಜಾಣರು, ಎರಡು ಭಾಷೆಯನ್ನೂ ನುಂಗಿಕೊಳ್ಳುತ್ತಾರೆ. ಆದರೆ ಕೋಡು ಓದಿ ಡಬ್ಬಿ ಬದಲಿಸುವುದಷ್ಟನ್ನೇ ಕಲಿತರೆ ಅವರು ಮಿಸ್ತ್ರಿಗಳಾಗುವುದಿಲ್ಲ, ಸಾಮಾನು ಮಾರುವವರಾಗುತ್ತಾರೆ. ಹಳೆಯ ಮಿಸ್ತ್ರಿಗೆ ಸ್ಕ್ಯಾನರ್ ಗೊತ್ತಿಲ್ಲ, ಹೊಸ ಹುಡುಗನಿಗೆ ಅಂಗೈ ಊರಿ ನೋಡುವುದು ಗೊತ್ತಿಲ್ಲ. ಇಬ್ಬರೂ ಒಂದೇ ಬೆಂಚಿನ ಮೇಲೆ ಕೂತರೆ ಊರಿಗೆ ಒಳ್ಳೆಯದಾಗುತ್ತದೆ.

ಮಳೆಗಾಲಕ್ಕೆ ಮುನ್ನ ಐಟಿಐಗಳು, ಗ್ಯಾರೇಜು ಮಾಲೀಕರು, ಟ್ಯಾಕ್ಸಿ ಚಾಲಕರು ಕೂಡಿ ಒಂದು ದಿನದ ಶಿಬಿರ ನಡೆಸುವುದು ದೊಡ್ಡ ಕೆಲಸವೇನಲ್ಲ. ಸೋರಿಕೆ ಹುಡುಕುವ ಕ್ರಮವನ್ನು ಕನ್ನಡ, ಮರಾಠಿ ಎರಡರಲ್ಲೂ ಒಂದು ಹಾಳೆಯಲ್ಲಿ ಅಚ್ಚು ಹಾಕಿಸಿ ಪ್ರತಿ ಗ್ಯಾರೇಜಿನ ಗೋಡೆಗೆ ಹಚ್ಚಬಹುದು. ನೀರಿಗೆ ಭಾಷೆಯೂ ಗೊತ್ತಿಲ್ಲ, ಗಡಿಯೂ ಗೊತ್ತಿಲ್ಲ.

ಆ ಚಾಲಕನ ಗಾಡಿ ಈಗ ಓಡುತ್ತಿದೆ. ಹುಣಸೆ ಗಿಡದ ಕೆಳಗೇ ನಿಲ್ಲುತ್ತದೆ, ಬೇರೆ ನೆರಳಿಲ್ಲ. ಆದರೆ ವಾರಕ್ಕೊಮ್ಮೆ ಜಾಲರಿಯ ಎಲೆ ತೆಗೆಯುವುದು ಮನೆಯ ಮಕ್ಕಳ ಕೆಲಸವಾಗಿದೆ. ಅಡವಿಟ್ಟ ಬಂಗಾರ ಮಾತ್ರ ಇನ್ನೂ ಬಿಡಿಸಿಕೊಂಡಿಲ್ಲ.